ಚದುರಂಗದ ಕಟ್ಟಳೆಗಳು ಬದಲಾದ ಬಗೆ

ಆನೆ, ಕುದುರೆ, ತೇರು, ಕಾಲಾಳು ಎಂಬ ಸೇನೆಯ ನಾಲ್ಕು ಅಂಗಗಳನ್ನು ಹೇಳುವ ‘ಚತುರಂಗ’ ಶಬ್ದದ ತದ್ಭವವೇ ಚದುರಂಗ. ಹೆಸರು ಉಳಿದಷ್ಟು ಭದ್ರವಾಗಿ ಆಟದ ಕಟ್ಟಳೆಗಳು ಉಳಿಯಲಿಲ್ಲ. ಭರತಖಂಡದಲ್ಲಿ ಹುಟ್ಟಿ, ಪಾರಸಿಕರಿಂದ ಅರಬರಿಗೂ ಅವರಿಂದ ಯೂರೋಪಿಗೂ ಸಾಗಿದ ಈ ಆಟವು ಹೋದೆಡೆಯಲ್ಲೆಲ್ಲ ಬೇರೆ ವೇಷವನ್ನು ತೊಟ್ಟಿತು.

ಪ್ರಾಚೀನ ಕ್ರಮದಲ್ಲಿ ಮಂತ್ರಿಯು ಓರೆಯಾಗಿ ಒಂದು ಮನೆ ಮಾತ್ರ ಸರಿಯಬಲ್ಲದಾಗಿತ್ತು. ಇಂದು ಒಂಟೆಯೆನಿಸಿಕೊಳ್ಳುವ ಕಾಯಿಗೆ ಓರೆಯಲ್ಲಿ ಎರಡನೆಯ ಮನೆಗೆ ನೆಗೆಯುವಷ್ಟೇ ಅಧಿಕಾರ. ಆದುದರಿಂದ ಸೇನೆಗಳೆರಡೂ ಎದುರುಬದುರಾಗುವುದಕ್ಕೇ ಬಹಳ ಹೊತ್ತು ಹಿಡಿಯುತ್ತಿತ್ತು. 15ನೆಯ ಶತಮಾನದ ಕೊನೆಯ ವೇಳೆಗೆ ಸ್ಪೇನ್ ಮೊದಲಾದೆಡೆಗಳಲ್ಲಿ ಮಂತ್ರಿಗೆ ಎಂಟು ದಿಕ್ಕುಗಳಲ್ಲಿಯೂ ತಡೆಯಿಲ್ಲದ ನಡೆ ದೊರೆಯಿತು; ಒಂಟೆಗೂ ಉದ್ದವಾದ ಓರೆನಡೆ ಬಂದಿತು. ಅಲ್ಲಿಗೆ ಮಂದಗಮನದ ಆಟವು ಕೆಲವೇ ನಡೆಗಳಲ್ಲಿ ರಾಜನು ಸೆರೆಸಿಕ್ಕಬಹುದಾದ ಆಟವಾಯಿತು. 1497ರಲ್ಲಿ ಸಲಮಾಂಕಾ ನಗರದಲ್ಲಿ ಲುಸೇನಾ ಎಂಬಾತನು ಅಚ್ಚು ಹಾಕಿಸಿದ ಗ್ರಂಥದಲ್ಲಿ ಹಳೆಯ ಕ್ರಮದ ಸಮಸ್ಯೆಗಳೂ ಹೊಸ ಕ್ರಮದವೂ ಒಟ್ಟಿಗೇ ಇವೆ; ಒಂದೇ ಶಾಸನದಲ್ಲಿ ಹಳಗನ್ನಡವೂ ನಡುಗನ್ನಡವೂ ಬೆರೆತಿರುವಂತೆ.

ಭಾರತದಲ್ಲಿ ಮಾತ್ರ ಪ್ರಾಂತಪ್ರಾಂತಕ್ಕೂ ಬೇರೆ ಬೇರೆ ಕಟ್ಟಳೆಗಳು ಬಹುಕಾಲ ನಡೆದುಬಂದವು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರವರು (1794–1868) ಹಾಸಿನ ಆಟಗಳಲ್ಲಿ ವಿಶೇಷ ಆಸಕ್ತಿಯುಳ್ಳವರಾಗಿ, ಹೊಸ ಹಾಸುಗಳನ್ನೂ ಆಟಗಳನ್ನೂ ತಾವೇ ಕಲ್ಪಿಸಿದರು. ಅರಸರಿಗೆ ಅದು ವಿನೋದ. ಪಂದ್ಯಕ್ಕೆ ಕುಳಿತವನಿಗಾದರೋ ಕಟ್ಟಳೆಯ ವ್ಯತ್ಯಾಸವು ವಿನೋದವಾಗಿರಲಿಲ್ಲವೆಂಬುದಕ್ಕೆ ಪಂಜಾಬಿನ ಮೀರ್ ಸುಲ್ತಾನ್ ಖಾನ್ ಅವರೇ ನಿದರ್ಶನ. ಕಾಲಾಳು ಮೊದಲ ನಡೆಯಲ್ಲಿಯೂ ಒಂದೇ ಮನೆ ಮುಂದುವರಿಯುವ ದೇಶೀ ಕ್ರಮದಲ್ಲಿ ಪಳಗಿದ್ದ ಅವರು ಪಾಶ್ಚಾತ್ಯ ಕ್ರಮವನ್ನು ಪ್ರಾಯಕ್ಕೆ ಬಂದಮೇಲೆ ಕಲಿಯಬೇಕಾಯಿತು. ಆರಂಭದ ನಡೆಗಳಲ್ಲಿ ಅವರಿಗಿದ್ದ ತೊಡಕು ಕೊನೆಯವರೆಗೂ ಪೂರ್ಣವಾಗಿ ನೀಗಲಿಲ್ಲ. ಆದರೂ ನಡು ಆಟದಲ್ಲಿಯೂ ಅಂತ್ಯದಲ್ಲಿಯೂ ತೋರಿದ ಬಲದಿಂದಲೇ 1929, 1932 ಮತ್ತು 1933ರಲ್ಲಿ ಬ್ರಿಟಿಷ್ ಪ್ರಶಸ್ತಿಯನ್ನು ಗೆದ್ದರು. ಬದುಕಿದ್ದಾಗ ಅವರಿಗೆ ಸಲ್ಲದಿದ್ದ ಗ್ರ್ಯಾಂಡ್‌ಮಾಸ್ಟರ್ ಪದವಿಯು 2024ರಲ್ಲಿ ಗೌರವಾರ್ಥವಾಗಿ ಸಂದಿತು.

ಕಾಯಿಗಳ ನಡೆ ಬದಲಾಗದೆ ಸ್ಪರ್ಧೆಯ ಕ್ರಮ ಮಾತ್ರ ಬದಲಾದರೂ ಆಟಗಾರನಿಗೆ ಒದಗುವ ಪರೀಕ್ಷೆ ಬೇರೆಯೇ. ವಿಶ್ವನಾಥನ್ ಆನಂದ್ ಅವರು 2000ದಲ್ಲಿ ಸೋತವರು ಹೊರಬೀಳುವ ಕ್ರಮದಲ್ಲಿ ಫಿಡೆ ಸಂಸ್ಥೆಯ ವಿಶ್ವಪ್ರಶಸ್ತಿಯನ್ನು ಪಡೆದರು. ಅಲ್ಲಿ ಒಂದು ದಿನದ ಎಡವಟ್ಟು ಸಾಕು, ಮನೆಗೆ ಹಿಂದಿರುಗಬೇಕು. 2007ರಲ್ಲಿ ಮೆಕ್ಸಿಕೋ ನಗರದಲ್ಲಿ ಎಂಟು ಮಂದಿ ಪರಸ್ಪರ ಎರಡೆರಡು ಸಲ ಆಡುವ ಕ್ರಮ. ಅಲ್ಲಿ ಬೇಕಾದುದು ಸ್ಥೈರ್ಯ. 2008ರಲ್ಲಿ ಬಾನ್ ನಗರದಲ್ಲಿ ವ್ಲಾದಿಮಿರ್ ಕ್ರಾಮ್ನಿಕ್ ಒಬ್ಬರೊಡನೆಯೇ ದ್ವಂದ್ವ; ಅಲ್ಲಿ ಎದುರಾಳಿಯ ಮನೋಧರ್ಮವನ್ನರಿತ ಸಿದ್ಧತೆಯೇ ಪ್ರಧಾನ. ಮೂರರಲ್ಲಿಯೂ ಜಯಶಾಲಿಯಾದುದು ಅವರ ಹಿರಿಮೆಗೆ ಸಾಕ್ಷಿ.

ಈ ಸಿದ್ಧತೆಯೇ ಕ್ರಮೇಣ ಆಟಕ್ಕೆ ಭಾರವಾಯಿತು. ಕಂಠಪಾಠವು ಹೀನವೆಂದಲ್ಲ, ಅಮರಕೋಶವನ್ನು ಬಾಯಿಪಾಠ ಮಾಡಿದವರು ಅದರ ಬೆಲೆಯನ್ನು ಬಲ್ಲರು. ಆದರೆ ಆಟಗಾರರಿಬ್ಬರೂ ಮೊದಲ ಇಪ್ಪತ್ತು ನಡೆಗಳನ್ನು ಮನೆಯಲ್ಲಿಯೇ ಗಟ್ಟಿಮಾಡಿಕೊಂಡು ಬಂದರೆ, ಹಲಗೆಯ ಮುಂದೆ ಬುದ್ಧಿಗೆ ಕೆಲಸ ದೊರೆಯುವುದು ಇಪ್ಪತ್ತೊಂದನೆಯ ನಡೆಯಲ್ಲಿ. ಗಣಕಯಂತ್ರಗಳು ಬಂದಮೇಲೆ ಈ ಪಾಠವು ಇನ್ನೂ ಉದ್ದವಾಯಿತು. ಇದನ್ನು ಕಂಡು ಬೇಸತ್ತ ಅಮೆರಿಕದ ಬಾಬಿ ಫಿಶರ್ 1996ರಲ್ಲಿ ಒಂದು ಹೊಸ ಕ್ರಮವನ್ನು ಸಾರಿದರು. ಕಾಲಾಳುಗಳ ಹಿಂದಿನ ಸಾಲಿನ ಎಂಟು ಕಾಯಿಗಳನ್ನು ಪ್ರತಿ ಆಟಕ್ಕೂ ಚೀಟಿ ಎತ್ತಿದಂತೆ ಜೋಡಿಸಬೇಕು. ಇಬ್ಬರಿಗೂ ಒಂದೇ ಜೋಡಣೆ. ಒಂಟೆಗಳೆರಡೂ ಬೇರೆ ಬೇರೆ ಬಣ್ಣದ ಮನೆಗಳಲ್ಲಿರಬೇಕು, ರಾಜನು ಎರಡು ಆನೆಗಳ ನಡುವೆ ಇರಬೇಕು ಎಂಬಿವು ಎರಡೇ ನಿರ್ಬಂಧಗಳು. ಲೆಕ್ಕ ಹಾಕಿದರೆ 960 ಜೋಡಣೆಗಳಾಗುತ್ತವೆ. ಅಷ್ಟನ್ನೂ ಉರುಹೊಡೆಯುವ ಸಾಹಸಕ್ಕೆ ಯಾರು ತಾನೇ ಕೈಹಾಕಿಯಾರು?

2019ರಲ್ಲಿ ನಾರ್ವೆ ದೇಶದಲ್ಲಿ ಈ ಕ್ರಮಕ್ಕೆ ಫಿಡೆ ಮನ್ನಣೆಯ ಮೊದಲ ವಿಶ್ವಸ್ಪರ್ಧೆಯು ನಡೆದಾಗ, ಸಾಂಪ್ರದಾಯಿಕ ಕ್ರಮದ ವಿಶ್ವವಿಜೇತರಾಗಿದ್ದ ಮ್ಯಾಗ್ನಸ್ ಕಾರ್ಲ್‌ಸನ್ ಅವರು ತಮ್ಮ ನಾಡಿನಲ್ಲಿಯೇ ವೆಸ್ಲಿ ಸೋ ಅವರಿಗೆ ಭಾರಿ ಅಂತರದಿಂದ ಸೋತರು. ಹಳೆಯ ಕ್ರಮವೇನೂ ಅಳಿದುಹೋಗಿಲ್ಲ. ಎಲ್ಲರೂ ಬಾಲ್ಯದಿಂದ ಬಲ್ಲ ಆ ಜೋಡಣೆಯೂ ಫಿಶರ್ ಅವರ 960ರೊಳಗೆ ಒಂದಾಗಿದೆ.