ಹತ್ತಿ ಕಟ್ಟಿಗೆ ಕರಗಿದ ಕತೆ

ಹತ್ತಿ ಬಿಡಿಸಿ ಮುಗಿಯಿತೆಂದರೆ ಮಾಳವ ಸೀಮೆಯ ಎರೆಹೊಲಗಳಲ್ಲಿ ಉಳಿಯುತ್ತಿದ್ದುದು ಬರೀ ಕಟ್ಟಿಗೆ. ಅದನ್ನು ಕಿತ್ತು, ಹೊರೆ ಕಟ್ಟಿ, ಮನೆಗೆ ಹೊತ್ತೊಯ್ದು ಒಲೆಗೆ ಇಡುತ್ತಿದ್ದರು. ಕೊಟ್ಟಿಗೆಯ ಸಗಣಿಯೂ ಬೆರಣಿಯಾಗಿ ಅದೇ ಒಲೆ ಸೇರುತ್ತಿತ್ತು. ಹೊಲದಲ್ಲಿ ಹುಟ್ಟಿದ್ದರಲ್ಲಿ ಹೊಲಕ್ಕೆ ಮರಳುತ್ತಿದ್ದುದು ತೀರ ಕಡಿಮೆ. 1924ರಲ್ಲಿ ಇದೇ ಸೀಮೆಯ ಇಂದೋರಿನಲ್ಲಿ ಒಂದು ಹೊಸ ಸಂಶೋಧನಾ ಸಂಸ್ಥೆ ತಲೆಯೆತ್ತಿತು: ಇನ್‌ಸ್ಟಿಟ್ಯೂಟ್ ಆಫ್ ಪ್ಲಾಂಟ್ ಇಂಡಸ್ಟ್ರಿ. 300 ಎಕರೆಯ ಆವರಣ. ಭಾರತೀಯ ಕೇಂದ್ರ ಹತ್ತಿ ಸಮಿತಿಯ ಹಣ, ಮಧ್ಯಭಾರತದ ಸಂಸ್ಥಾನಗಳ ಬೆಂಬಲ. ಹತ್ತಿಯ ತಳಿ ಸುಧಾರಿಸಲಿ ಎಂಬುದು ಹಣ ಕೊಟ್ಟವರ ಆಸೆ. ಆದರೆ ಅದರ ನಿರ್ದೇಶಕರಾಗಿ ಬಂದ ಆಲ್ಬರ್ಟ್ ಹೊವಾರ್ಡ್ ಅವರ ಕಣ್ಣು ಹತ್ತಿಯ ಮೇಲಿದ್ದಷ್ಟೇ ಹತ್ತಿ ಕಟ್ಟಿಗೆಯ ಮೇಲೂ ಇತ್ತು. ಆವರಣದಲ್ಲಿ ಬಿದ್ದ ಈ ಕಟ್ಟಿಗೆ, ತರಗೆಲೆ, ಕಳೆ, ಬೇಲಿ ಸವರಿದ ಕಡ್ಡಿ, ಇವನ್ನೆಲ್ಲ ಪೇಟೆಯಿಂದ ಒಂದು ಚೀಲವನ್ನೂ ತರದೆ ಗೊಬ್ಬರ ಮಾಡಲು ಸಾಧ್ಯವೇ?

ಹೊವಾರ್ಡ್ ಇಂಗ್ಲೆಂಡಿನ ಶ್ರಾಪ್‌ಶೈರ್ ಪ್ರಾಂತ್ಯದ ರೈತ ಮನೆತನದಲ್ಲಿ 1873ರಲ್ಲಿ ಹುಟ್ಟಿದವರು. ಓದಿದ್ದು ಕೇಂಬ್ರಿಜ್‌ನಲ್ಲಿ. ಮೊದಲ ಕೆಲಸ ವೆಸ್ಟ್ ಇಂಡೀಸಿನಲ್ಲಿ, ಕಬ್ಬಿನ ರೋಗಗಳ ಅಧ್ಯಯನ. ಅಲ್ಲಿ ಗಾಜಿನ ತಟ್ಟೆಯ ಮೇಲೆ ಶಿಲೀಂಧ್ರ ನೋಡುತ್ತ ಕೂತ ತಜ್ಞರಿಗೆ ಒಂದು ವಿಷಯ ಕಾಡುತ್ತಿತ್ತು. ರೈತನಿಗೆ ಸಲಹೆ ಕೊಡುವ ತನಗೆ, ಆ ಸಲಹೆಯನ್ನು ಮೊದಲು ತಾನೇ ಮಾಡಿನೋಡಲು ಒಂದು ತುಂಡು ಹೊಲವೂ ಇಲ್ಲವಲ್ಲ! 1905ರಲ್ಲಿ ಬಿಹಾರದ ಪೂಸಾದ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಸಿಕ್ಕಾಗ ಅವರು ಹಟ ಹಿಡಿದು ಕೇಳಿ ಪಡೆದದ್ದು ಹೊಲವನ್ನೇ. ಸುತ್ತಲಿನ ಹಳ್ಳಿಯ ರೈತರನ್ನೂ ಬೆಳೆಗೆ ಬೀಳುವ ಕೀಟಗಳನ್ನೂ ತನ್ನ ಗುರುಗಳೆಂದು ಅವರು ಬಹಿರಂಗವಾಗಿ ಹೇಳಿಕೊಂಡರು. ಜತೆಗಿದ್ದವರು ಹೆಂಡತಿ ಗೇಬ್ರಿಯಲ್. ಸ್ವತಃ ಸಸ್ಯವಿಜ್ಞಾನಿ; ಪ್ರಯೋಗ, ಬರವಣಿಗೆ ಎರಡರಲ್ಲೂ ಸರಿಪಾಲು.

ಪೂಸಾದಲ್ಲಿ ಒಂದು ಘಟನೆ ಮತ್ತೆ ಮತ್ತೆ ಕಣ್ಣಿಗೆ ಬಿತ್ತು. ಹೊವಾರ್ಡ್ ಸಾಕಿದ್ದ ಎತ್ತುಗಳು ಬೇಲಿಯಾಚೆಯ ದನಗಳ ಮೂತಿಗೆ ಮೂತಿ ತಾಗಿಸಿ ನಿಲ್ಲುತ್ತಿದ್ದವು. ಆಚೆಯ ದನಗಳಿಗೆ ಕಾಲುಬಾಯಿ ಜ್ವರ. ಈಚೆಯ ಎತ್ತುಗಳಿಗೆ ಏನೂ ಆಗಲಿಲ್ಲ. ಒಳ್ಳೆಯ ಗೊಬ್ಬರ ಉಂಡ ಮಣ್ಣಿನ ಮೇವು ತಿಂದದ್ದರಿಂದಲೇ ಅವು ಉಳಿದವು ಎಂದು ಹೊವಾರ್ಡ್ ದೃಢವಾಗಿ ನಂಬಿದರು. ಆ ನಂಬಿಕೆಗೆ ಪ್ರಯೋಗಾಲಯದ ಪುರಾವೆ ಇರಲಿಲ್ಲ. ಆದರೂ ಮುಂದಿನ ಇಪ್ಪತ್ತು ವರ್ಷ ಅವರನ್ನು ಮಣ್ಣಿನತ್ತ ನೂಕಿದ್ದು ಅದೇ.

ಮಣ್ಣು ಮಾತ್ರ ಸುಲಭಕ್ಕೆ ಬಗ್ಗಲಿಲ್ಲ. ಸೆಣಬಿನಂಥ ಹಸಿರೆಲೆ ಬೆಳೆ ಬಿತ್ತಿ, ಬೆಳೆದ ಮೇಲೆ ಅಲ್ಲೇ ಉತ್ತು ಹೂಳಿದರೆ ಹೊಲ ಫಲವತ್ತಾಗುತ್ತದೆ ಎಂದು ಪುಸ್ತಕಗಳು ಹೇಳುತ್ತಿದ್ದವು. ಹಾಗೆ ಮಾಡಿದಾಗ ಒಂದು ವರ್ಷ ಬೆಳೆ ತೊನೆಯಿತು, ಇನ್ನೊಂದು ವರ್ಷ ಹಳದಿ ತಿರುಗಿ ಕುಗ್ಗಿತು. ಅದೇ ಬೀಜ, ಅದೇ ಹೊಲ. ಹೂಳಿದ ಸೊಪ್ಪು ಒಮ್ಮೆ ಅಮೃತ, ಒಮ್ಮೆ ವಿಷ. ಈ ಒಗಟು ಬಹುಕಾಲ ಬಿಡಿಸದೆ ಉಳಿಯಿತು. ಪೂಸಾದಲ್ಲಿ ಕೂತು ಬಿಡಿಸುವುದು ಕಷ್ಟವೂ ಆಗಿತ್ತು. ಅಲ್ಲಿ ಸಸ್ಯಕ್ಕೊಂದು ವಿಭಾಗ, ಕೀಟಕ್ಕೊಂದು, ಶಿಲೀಂಧ್ರಕ್ಕೊಂದು, ರಸಾಯನಕ್ಕೊಂದು. ಬೆಳೆ, ಮಣ್ಣು, ದನ, ಗೊಬ್ಬರ ಎಲ್ಲವನ್ನೂ ಒಟ್ಟಾಗಿ ನೋಡುವ ಜಾಗ ಬೇಕೆಂದು ದಂಪತಿ ಓಡಾಡಿ ಕಟ್ಟಿಕೊಂಡದ್ದೇ ಇಂದೋರಿನ ಸಂಸ್ಥೆ.

ಅಷ್ಟರಲ್ಲಿ ಒಗಟಿನ ತುಣುಕುಗಳು ಬೇರೆ ಬೇರೆ ಕಡೆ ಸಿಗತೊಡಗಿದ್ದವು. ಮೊದಲನೆಯದು ಒಂದು ಪುಸ್ತಕ. ಅಮೆರಿಕದ ಮಣ್ಣುವಿಜ್ಞಾನಿ ಎಫ್. ಎಚ್. ಕಿಂಗ್ ಚೀನಾ, ಕೊರಿಯಾ, ಜಪಾನ್ ಸುತ್ತಿ ಬರೆದ 'ಫಾರ್ಮರ್ಸ್ ಆಫ್ ಫಾರ್ಟಿ ಸೆಂಚುರೀಸ್' 1911ರಲ್ಲಿ ಪ್ರಕಟವಾಗಿತ್ತು. ಕಾಲುವೆಯ ಕೆಸರು, ಹುಲ್ಲು, ಮನುಷ್ಯರ ಮಲ, ದನದ ಸಗಣಿ ಎಲ್ಲವನ್ನೂ ಒಟ್ಟಿ ಕೊಳೆಸಿ ಹೊಲಕ್ಕೆ ಮರಳಿಸುವ ಚೀನೀ ರೈತರ ವಿವರ ಅದರಲ್ಲಿತ್ತು. ಅಲ್ಲಿ ರೈತ ಸೊಪ್ಪನ್ನು ಹಸಿಯಾಗಿ ಹೂಳುತ್ತಿರಲಿಲ್ಲ. ಹೊರಗೆ ಕೊಳೆಸಿ ತರುತ್ತಿದ್ದ. ಹೊವಾರ್ಡ್ ಈ ಸಾಲುಗಳಲ್ಲಿ ತಮ್ಮ ಹಳದಿ ಬೆಳೆಯ ಕಾರಣವನ್ನು ಕಂಡರು. ಮಣ್ಣಿನ ಮೇಲೆ ಒಂದೇ ಸಲ ಎರಡು ಕೆಲಸ ಹೇರಲಾಗಿತ್ತು: ಹೂಳಿದ ಸೊಪ್ಪನ್ನೂ ಕೊಳೆಸಬೇಕು, ನಿಂತ ಬೆಳೆಯನ್ನೂ ಸಾಕಬೇಕು. ಮೊದಲ ಕೆಲಸವನ್ನು ಹೊಲದಿಂದ ಹೊರಗೆ ಸಾಗಿಸಿದರೆ?

ಎರಡನೆಯ ತುಣುಕು ಬಂದದ್ದು ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನಿಂದ. ಮೊದಲ ಮಹಾಯುದ್ಧದ ಕಾಲಕ್ಕೆ ಅಲ್ಲಿ ಕೊಟ್ಟಿಗೆ ಗೊಬ್ಬರಕ್ಕೆ ತತ್ವಾರ. ದನವಿಲ್ಲದೆ ಬರೀ ಹುಲ್ಲಿನಿಂದ ಗೊಬ್ಬರ ಮಾಡಬಹುದೇ ಎಂದು ಹಚಿನ್‌ಸನ್ ಮತ್ತು ರಿಚರ್ಡ್ಸ್ ಎಂಬ ಇಬ್ಬರು ಹಿಂದೆ ಬಿದ್ದರು. 1921ರಲ್ಲಿ ಅವರ ಉತ್ತರ ಪ್ರಕಟವಾಯಿತು. ನೀರು ಮತ್ತು ಗಾಳಿ ಬೇಕು, ಜತೆಗೆ 100 ಪಾಲು ಹುಲ್ಲಿಗೆ ಸುಮಾರು 0.75 ಪಾಲು ಸಾರಜನಕ ಸೇರಬೇಕು. ಆಗ ಹುಲ್ಲು ತಾನಾಗಿ ಕಾದು, ಕಪ್ಪಾಗಿ, ಗೊಬ್ಬರವಾಯಿತು. ಈ ಸೂತ್ರ 'ಆಡ್ಕೊ' ಎಂಬ ಹೆಸರಿನ ಪುಡಿಯಾಗಿ ಮಾರುಕಟ್ಟೆಗೂ ಬಂತು. ಇಂಗ್ಲೆಂಡಿನ ತೋಟಗಾರ ಅದನ್ನು ಕೊಂಡ. ಮಾಳವದ ಹತ್ತಿ ರೈತ ಕೊಳ್ಳಲು ಶಕ್ತನಿರಲಿಲ್ಲ. ದಾರಿ ಕಂಡಿತ್ತು, ಸುಂಕ ಕಟ್ಟಲು ಕಾಸಿರಲಿಲ್ಲ.

ಮೂರನೆಯ ತುಣುಕು ಬೆಂಗಳೂರಿನದು. ಮ್ಯಾಂಚೆಸ್ಟರಿನಲ್ಲಿ ಚರಂಡಿ ನೀರಿನ ಶುದ್ಧೀಕರಣದಲ್ಲಿ ಹೆಸರು ಮಾಡಿದ್ದ ಗಿಲ್ಬರ್ಟ್ ಫೌಲರ್ 1916ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಪ್ರಾಧ್ಯಾಪಕರಾಗಿ ಬಂದಿದ್ದರು. ಸೂಕ್ಷ್ಮಜೀವಿಗಳು ತುಂಬಿದ ರಾಡಿಯನ್ನು ಹೊಸ ನೀರಿಗೆ ಬೆರೆಸಿದರೆ ಕೆಲಸ ಬೇಗ ಸಾಗುತ್ತದೆ ಎಂಬುದು ಅವರಿಗೆ ಕರತಲಾಮಲಕ. ಅದೇ ಉಪಾಯವನ್ನು ಫೌಲರ್ ಮತ್ತು ಅವರ ಸಹೋದ್ಯೋಗಿ ರೇಗೆ ಒಣಕಸಕ್ಕೂ ಹೂಡಿದರು. ಚೆನ್ನಾಗಿ ಕೊಳೆಯುತ್ತಿರುವ ರಾಶಿಯಿಂದ ಒಂದಿಷ್ಟು ತೆಗೆದು ಹೊಸ ರಾಶಿಗೆ ಹೆಪ್ಪು ಹಾಕಿದರು. ಹೊಸದೂ ಬಿಸಿಯೇರಿ ಕೊಳೆಯತೊಡಗಿತು. ಯಾವ ಕಸ ಬೇಗ ಕೊಳೆಯುತ್ತದೆ, ಯಾವುದು ಹಟ ಮಾಡುತ್ತದೆ ಎಂಬುದನ್ನೂ ರೇಗೆ ಪರೀಕ್ಷಿಸಿದರು.

ತುಣುಕುಗಳು ಕೈಸೇರಿದರೂ ಚಿತ್ರ ಕೂಡಿ ಬರಲಿಲ್ಲ. ರಾಥಮ್‌ಸ್ಟೆಡ್‌ನ ಹುಲ್ಲು ಮೆತ್ತಗಿತ್ತು. ಇಂದೋರಿನ ಹತ್ತಿ ಕಟ್ಟಿಗೆ, ತೊಗರಿ ಕಟ್ಟಿಗೆ ಮರವೇ ಸರಿ. ಹೊರಮೈ ಎಷ್ಟು ಗಟ್ಟಿಯೆಂದರೆ ನೀರೇ ಒಳಗಿಳಿಯದು, ಇನ್ನು ಸೂಕ್ಷ್ಮಜೀವಿಗಳ ಪಾಡೇನು? ಯಂತ್ರ ತಂದು ಸೀಳಬಹುದಿತ್ತು. ಆದರೆ ಯಂತ್ರ ಬಂದರೆ ಆ ವಿದ್ಯೆ ಸಂಸ್ಥೆಯ ಗೇಟು ದಾಟಿ ಹಳ್ಳಿಗೆ ಹೋಗದು. ಕೊನೆಗೆ ಕಂಡ ಉಪಾಯ ಅತ್ಯಂತ ಸರಳವಾಗಿತ್ತು. ಕಟ್ಟಿಗೆಯನ್ನು ಹೊರೆಹೊರೆಯಾಗಿ ತಂದು ಆವರಣದ ಗಾಡಿದಾರಿಯ ಮೇಲೆ ಹಾಸಿದರು. ದಿನವೂ ಎತ್ತಿನ ಗೊರಸು, ಗಾಡಿಯ ಚಕ್ರ ಅದರ ಮೇಲೆ ಹಾದವು. ಕೆಲ ಕಾಲದಲ್ಲಿ ಆ ಮರಗಟ್ಟಿ ಸಿಪ್ಪೆ ಒಡೆದು, ನಾರು ಬಿಟ್ಟು, ಒಕ್ಕಣೆ ಕಣದ ಹೊಟ್ಟಿನಂತಾಯಿತು. ಒಂದು ಪೈಸೆ ಖರ್ಚಿಲ್ಲದೆ ಮರ ಮೆತ್ತಗಾಯಿತು. ಅದನ್ನು ಬಾಚಿ ಕೊಟ್ಟಿಗೆಗೆ ಒಯ್ದು ಎತ್ತುಗಳ ಕಾಲಡಿ ಹಾಸಿದರು. ರಾತ್ರಿಯಿಡೀ ಗಂಜಲ ಹೀರಿ ಅದು ಇನ್ನಷ್ಟು ನೆನೆಯಿತು. ಮರದ ಹೊಟ್ಟು, ಬಡಗಿಯ ಸಿಪ್ಪೆ, ರದ್ದಿ ಕಾಗದಕ್ಕೂ ಇದೇ ದಾರಿ ಸಿಕ್ಕಿತು. ಆಡ್ಕೊ ಚೀಲದ ಬದಲಿಗೆ ಬೇಕಿದ್ದ ಸಾರಜನಕ ಕೊಟ್ಟಿಗೆಯ ನೆಲದಲ್ಲೇ ಇತ್ತು. ಗಂಜಲ ಕುಡಿದ ಆ ಮಣ್ಣನ್ನೂ ಕೆರೆದು ಕೂಡಿಟ್ಟರು.

ಕಟ್ಟಿಗೆ ಸೋತಿತು, ಇನ್ನು ರಾಶಿಯೇ ಮೊಂಡು ಹಿಡಿಯಿತು. ಒಂದೇ ಬಗೆಯ ಕಸ ಒಟ್ಟಿದರೆ ಕೆಲಸ ಕೆಡುತ್ತಿತ್ತು. ಬರೀ ಹಸಿರೆಲೆಯಾದರೆ ಒಂದಕ್ಕೊಂದು ಅಂಟಿ, ಒಳಗೆ ಗಾಳಿಯಿಲ್ಲದೆ ನಾರುತ್ತಿತ್ತು. ಬರೀ ಕಟ್ಟಿಗೆಯಾದರೆ ತಿಂಗಳುಗಟ್ಟಲೆ ಹಾಗೇ ಕೂರುತ್ತಿತ್ತು. ಗುಂಡಿ ಆಳವಾದರೆ ತಳದಲ್ಲಿ ಉಸಿರು ಕಟ್ಟಿತು. ನೆಲದ ಮೇಲೆ ಒಟ್ಟಿದರೆ ಬೇಸಿಗೆಯ ಬಿಸಿಗಾಳಿಗೆ ಒಣಗಿತು. ಗುಂಡಿಯಲ್ಲಿಟ್ಟರೆ ಮಳೆಗಾಲದಲ್ಲಿ ನೀರು ನಿಂತು ಕೊಳಚೆಯಾಯಿತು. ಕೊಳೆಯುವಾಗ ಹುಟ್ಟುವ ಹುಳಿಯಂಶ ಜಾಸ್ತಿಯಾದರೂ ಜೀವಿಗಳು ಕೈಚೆಲ್ಲುತ್ತಿದ್ದವು. ಈ ಒಂದೊಂದು ತೊಡಕನ್ನೂ ಹೊವಾರ್ಡ್ ಮತ್ತು ಅವರ ಸಹೋದ್ಯೋಗಿ ರಸಾಯನಶಾಸ್ತ್ರಜ್ಞ ಯಶವಂತ ವಾಡ್ ಬೆನ್ನತ್ತಿದರು. ಬೇಸಿಗೆ ಮತ್ತು ಚಳಿಗಾಲಕ್ಕೆ ಗುಂಡಿ, ಮಳೆಗಾಲಕ್ಕೆ ನೆಲದ ಮೇಲಿನ ರಾಶಿ ಎಂದು ತೀರ್ಮಾನವಾಯಿತು. ಗುಂಡಿ 30 ಅಡಿ ಉದ್ದ, 14 ಅಡಿ ಅಗಲ ಇರಬಹುದು. ಆಳ ಮಾತ್ರ 2 ಅಡಿ ಮೀರಬಾರದು. ಹುಳಿಯಂಶ ತಗ್ಗಿಸಲು ಒಲೆಯ ಬೂದಿ ಸಾಕಾಯಿತು.

ಹೀಗೆ ಸಿದ್ಧವಾದ ಗುಂಡಿಯನ್ನು ತುಂಬುವ ಕೆಲಸಕ್ಕೆ ಒಂದು ಲಯ ಬಂತು. ಬಗೆಬಗೆಯ ಕಸ ಬೆರೆತ ಹಾಸು ಒಂದು ಪದರ. ಅದರ ಮೇಲೆ ಗಂಜಲದ ಮಣ್ಣು ಮತ್ತು ಬೂದಿ. ಅದರ ಮೇಲೆ ಸಗಣಿ ಕದಡಿದ ನೀರು. ಆಮೇಲೆ ಹತ್ತು ಹದಿನೈದು ದಿನದ ಹಳೆಯ ಗುಂಡಿಯಿಂದ ತೆಗೆದ ಬೂಷ್ಟು ಹಿಡಿದ ಕಸದ ಒಂದಿಷ್ಟು ಹೆಪ್ಪು; ಬೆಂಗಳೂರಿನ ಉಪಾಯ ಇಲ್ಲಿ ಕೈಹಿಡಿಯಿತು. ಮತ್ತೆ ಹಾಸು, ಮತ್ತೆ ಮಣ್ಣು. ಯಾರೂ ತುಳಿಯಕೂಡದು, ತುಳಿದರೆ ಗಾಳಿ ಹೋಗುತ್ತದೆ. ಕೆಲವೇ ದಿನಗಳಲ್ಲಿ ರಾಶಿಯ ಶಾಖ ಸುಮಾರು 65 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತಿತ್ತು. ಒಳಗೆ ಕೈಯಿಟ್ಟವನು ಚಟ್ಟನೆ ಹಿಂದೆಗೆಯಬೇಕು. ನೊಣದ ಮರಿಹುಳು, ಕಳೆಯ ಬೀಜ ಆ ಕಾವಿನಲ್ಲಿ ಸಾಯುತ್ತಿದ್ದವು. ಕಸದ ಮೈಮೇಲೆಲ್ಲ ಬಿಳಿ ಬೂಷ್ಟು ಹರಡುತ್ತಿತ್ತು. ಎರಡು ವಾರ ತುಂಬಿದಾಗ ಒಮ್ಮೆ, ತಿಂಗಳು ತುಂಬಿದಾಗ ಒಮ್ಮೆ, ಎರಡು ತಿಂಗಳು ತುಂಬಿದಾಗ ಒಮ್ಮೆ, ಹೀಗೆ ಒಟ್ಟು ಮೂರು ಸಲ ರಾಶಿಯನ್ನು ಮಗುಚಿ ನೀರು ಚಿಮುಕಿಸಿದರು. ಮೂರು ತಿಂಗಳು ತುಂಬುವ ಹೊತ್ತಿಗೆ ಹತ್ತಿ ಕಟ್ಟಿಗೆ ಎಲ್ಲಿ ಹೋಯಿತೆಂದು ಹುಡುಕಬೇಕಾಯಿತು. ಗುಂಡಿಯಲ್ಲಿದ್ದುದು ಬೆರಳಲ್ಲಿ ಪುಡಿಯಾಗುವ, ಮಳೆ ಬಿದ್ದ ಕಾಡಿನ ಮಣ್ಣಿನ ವಾಸನೆಯ ಕಪ್ಪು ಗೊಬ್ಬರ. ಸುಮಾರು 40 ಎತ್ತುಗಳಿದ್ದ ಆ ಆವರಣದಿಂದ ವರ್ಷಕ್ಕೆ ಸುಮಾರು 1,000 ಗಾಡಿ ಗೊಬ್ಬರ ಹೊರಬಂತು.

ಗೆಲುವಿನ ಹೊತ್ತಿಗೇ ಪೆಟ್ಟು ಬಿತ್ತು. 1930ರಲ್ಲಿ ಗೇಬ್ರಿಯಲ್ ತೀರಿಕೊಂಡರು. ಕಾಲು ಶತಮಾನ ಜತೆಯಾಗಿ ನಡೆಸಿದ ದುಡಿಮೆಯ ಫಲವನ್ನು ಹೊವಾರ್ಡ್ ಒಬ್ಬರೇ ಜಗತ್ತಿನ ಮುಂದಿಡಬೇಕಾಯಿತು. 1931ರಲ್ಲಿ ವಾಡ್ ಜತೆ ಬರೆದ 'ದಿ ವೇಸ್ಟ್ ಪ್ರಾಡಕ್ಟ್ಸ್ ಆಫ್ ಅಗ್ರಿಕಲ್ಚರ್' ಹೊರಬಂತು. ಅದೇ ವರ್ಷ ಅವರು ಇಂದೋರ್ ಬಿಟ್ಟರು. ವಿಧಾನಕ್ಕೆ ತಮ್ಮ ಹೆಸರಿಡಲಿಲ್ಲ, ಊರಿನ ಹೆಸರಿಟ್ಟರು: ಇಂದೋರ್ ಪದ್ಧತಿ. ಕೃಷಿ ಸಂಶೋಧಕರ ವಲಯ ಅದನ್ನು ತಣ್ಣಗೆ ಬರಮಾಡಿಕೊಂಡಿತು. ತೋಟದವರು ಮಾತ್ರ ಕಾಯಲಿಲ್ಲ. 1933ರಲ್ಲೇ ಕೀನ್ಯಾದ ಕಾಫಿ ತೋಟವೊಂದರಲ್ಲಿ ಗುಂಡಿಗಳು ತುಂಬತೊಡಗಿದ್ದನ್ನು ಹೊವಾರ್ಡ್ ಕಣ್ಣಾರೆ ಕಂಡರು. 1935ರ ಏಪ್ರಿಲ್‌ನಲ್ಲಿ ಹಿಂದಿ ಸಾಹಿತ್ಯ ಸಮ್ಮೇಳನಕ್ಕೆ ಇಂದೋರಿಗೆ ಬಂದ ಗಾಂಧೀಜಿ ಸಂಸ್ಥೆಗೆ ಹೋಗಿ ಗೊಬ್ಬರದ ಗುಂಡಿಗಳನ್ನು ನೋಡಿದರು. ಬೆಂಗಳೂರು ಕೊಟ್ಟ ಹೆಪ್ಪು ಬೆಂಗಳೂರಿಗೆ ಮರಳಿದ್ದೂ ಇದೆ. 1939ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಸಿ. ಎನ್. ಆಚಾರ್ಯ ಪಟ್ಟಣದ ಕಸ ಮತ್ತು ಮಲವನ್ನು ಪದರ ಪದರವಾಗಿ ತುಂಬಿ, ಮೇಲೆ ಮಣ್ಣು ಮೆತ್ತಿ, ಮಗುಚದೆಯೇ ಕೊಳೆಸುವ ವಿಧಾನ ರೂಪಿಸಿದರು. ಹೆಚ್ಚು ತಿಂಗಳು ಹಿಡಿದರೂ ಕೂಲಿ ಉಳಿಸುವ ಅದು ಬೆಂಗಳೂರು ಪದ್ಧತಿ ಎಂದು ದೇಶದ ಪುರಸಭೆಗಳಿಗೆ ಪರಿಚಯವಾಯಿತು.

ಕಟ್ಟಿಗೆ ಕರಗಿದ ಗುಟ್ಟು ಇಷ್ಟೇ. ಮರದಂಥ ಕಸದಲ್ಲಿ ಇಂಗಾಲ ವಿಪರೀತ, ಸಾರಜನಕ ಅತ್ಯಲ್ಪ. ಕೊಳೆಸುವ ಜೀವಿಗಳಿಗೆ ಇಂಗಾಲ ಶಕ್ತಿ ಕೊಡುತ್ತದೆ, ಆದರೆ ಮೈ ಬೆಳೆಯಲು ಸಾರಜನಕ ಬೇಕು. ಹಸಿ ಕಸವನ್ನು ಹೊಲದಲ್ಲಿ ಹೂಳಿದರೆ ಆ ಸಾರಜನಕವನ್ನು ಅವು ಮಣ್ಣಿನಿಂದ ಕಿತ್ತುಕೊಳ್ಳುತ್ತವೆ. ಬೆಳೆ ಹಳದಿಯಾಗಿದ್ದು ಅದಕ್ಕೇ. ಗಂಜಲ, ಸಗಣಿ, ಹಸಿರೆಲೆ ಬೆರೆಸಿ ಇಂಗಾಲ ಮತ್ತು ಸಾರಜನಕದ ಪ್ರಮಾಣವನ್ನು ಸುಮಾರು 33ಕ್ಕೆ 1 ಮಾಡಿಕೊಂಡರೆ ಮೊದಲು ಶಿಲೀಂಧ್ರಗಳು ನಾರನ್ನು ಮುರಿಯುತ್ತವೆ, ಆಮೇಲೆ ಬ್ಯಾಕ್ಟೀರಿಯಾಗಳು ಉಳಿದ ಕೆಲಸ ಮುಗಿಸುತ್ತವೆ. ಹೆಚ್ಚಿನ ಇಂಗಾಲ ಗಾಳಿ ಸೇರಿ, ಕೊನೆಗೆ ಸುಮಾರು 10ಕ್ಕೆ 1ರ ಪ್ರಮಾಣದ ಕಳಿತ ಕಪ್ಪು ಗೊಬ್ಬರ, ಅಂದರೆ ಹ್ಯೂಮಸ್, ಉಳಿಯುತ್ತದೆ.

ಇಂದೋರಿನ ಆ ಆವರಣ ಈಗ ಕೃಷಿ ಕಾಲೇಜು. ಕಾಲೇಜು, ವಿಶ್ವವಿದ್ಯಾಲಯಗಳ ಆವರಣಗಳಲ್ಲಿ ಇವತ್ತಿಗೂ ಮಾಗಿಯಲ್ಲಿ ತರಗೆಲೆ ಗುಡಿಸಿ, ಸವರಿದ ಕೊಂಬೆಗಳ ಜತೆ ಬೆಂಕಿ ಇಡುವ ಹೊಗೆ ಕಾಣುತ್ತದೆ. ಆ ರಾಶಿಯನ್ನು ಗೊಬ್ಬರ ಮಾಡಲು ಬೇಕಾದ ವಿದ್ಯೆ 1931ರಲ್ಲೇ ಅಚ್ಚಾಗಿದೆ. ಒಂದಿಷ್ಟು ಸಗಣಿ, 2 ಅಡಿ ಆಳದ ಗುಂಡಿ, ಮೂರು ಸಲ ಮಗುಚುವ ತಾಳ್ಮೆ ಇದ್ದರೆ ಸಾಕು. ವಿದ್ಯೆ ಕಲಿಸುವ ಜಾಗದಲ್ಲೇ ಇಷ್ಟು ಹಳೆಯ, ಇಷ್ಟು ಅಗ್ಗದ ವಿದ್ಯೆಗೆ ಬೆಂಕಿ ಬೀಳಬಾರದು.