ಕುದುರೆ ಲಾಯವಿರುವ ಜಮೀನು ಕೊಳ್ಳುವ ಮುನ್ನ

"ಕುದುರೆ ಕಂಡರೆ ಕಾಲುನೋವು" ಎಂಬ ಗಾದೆ ನಮಗೆಲ್ಲ ಗೊತ್ತು. ಆದರೆ ನಮ್ಮ ಮನೆಯವರಿಗೆಲ್ಲ ಕಳೆದ ವರ್ಷ ಕುದುರೆಯಿಂದ ಬಂದದ್ದು ಕಾಲುನೋವಲ್ಲ, ತಲೆನೋವು! ಆ ಅನುಭವದಿಂದ ಕಲಿತದ್ದನ್ನು ಓದುಗ ಮಿತ್ರರೊಡನೆ ಹಂಚಿಕೊಳ್ಳೋಣವೆಂದು ಈ ಲೇಖನ.

ಡಿಡ್ಸ್‌ಬರಿಯಿಂದ ಕಾರಿನಲ್ಲಿ ದಕ್ಷಿಣಕ್ಕೆ ಹೊರಟರೆ ಸ್ವಲ್ಪ ಹೊತ್ತಿನಲ್ಲೇ ಚೆಷೈರಿನ ಹಸಿರು ಹೊಲಗಳು ಶುರುವಾಗುತ್ತವೆ. ಮಾಬರ್ಲಿ, ನಟ್ಸ್‌ಫರ್ಡ್ ಸುತ್ತಮುತ್ತ ಬೇಲಿಯಾಚೆ ಕಂಬಳಿ ಹೊದ್ದು ಮೇಯುವ ಕುದುರೆಗಳನ್ನು ನೀವೂ ನೋಡಿರುತ್ತೀರಿ. ನಮ್ಮ ಮಗಳು ಐದು ವರ್ಷಗಳಿಂದ ಆ ಕಡೆ ಸವಾರಿ ಕಲಿಯುತ್ತಿದ್ದಾಳೆ. ಇಲ್ಲಿನ ಸೆಮಿ ಮನೆಯನ್ನು ಮಾರಿ, ಅಲ್ಲೊಂದು ಹಳೆಯ ಮನೆ, ಆರು ಎಕರೆ ಹುಲ್ಲುಗಾವಲು, ದೊಡ್ಡ ಕೊಟ್ಟಿಗೆಯೊಳಗೆ ಐದು ಲಾಯ ಇದ್ದ ಜಾಗವನ್ನು ಕೊಳ್ಳಲು ಮನಸ್ಸು ಮಾಡಿದೆವು. ಒಂದು ಕುದುರೆಗೆ ಒಂದರಿಂದ ಒಂದೂವರೆ ಎಕರೆ ಬೇಕೆಂಬುದು ಬ್ರಿಟಿಷ್ ಹಾರ್ಸ್ ಸೊಸೈಟಿಯ ಸಲಹೆ. ಆ ಲೆಕ್ಕದಲ್ಲಿ ಜಾಗ ಧಾರಾಳವಾಗಿತ್ತು.

ಊರಿನಲ್ಲಿರುವ ಮಾವನವರಿಗೆ ಫೋನಿನಲ್ಲಿ ಸಂಭ್ರಮದಿಂದ ಹೇಳಿದೆವು. ಅವರು ಕೇಳಿದ್ದು ಒಂದೇ ಪ್ರಶ್ನೆ: "ಅಲ್ಲಪ್ಪಾ, ಕನ್ವರ್ಷನ್ ಆಗಿದೆಯೋ ಇಲ್ಲವೋ ನೋಡಿದಿರಾ?" ಇದು ಇಂಗ್ಲೆಂಡು, ಇಲ್ಲಿ ಅಂಥದ್ದೆಲ್ಲ ಇರುವುದಿಲ್ಲ ಎಂದು ನಕ್ಕೆವು. ಒಂದು ವಾರದ ನಂತರ ನಮ್ಮ ಸಾಲಿಸಿಟರ್ ಕೇಳಿದ್ದೂ ಅದೇ ಪ್ರಶ್ನೆ!

ಊರಿನಲ್ಲಿ ಹೊಲದಲ್ಲಿ ಮನೆ ಕಟ್ಟಲು ಭೂಪರಿವರ್ತನೆ ಆಗಬೇಕಲ್ಲವೆ? ಇಲ್ಲಿಯೂ ಹಾಗೆಯೇ. 1990ರ ಪ್ಲಾನಿಂಗ್ ಕಾಯಿದೆಯ ಪ್ರಕಾರ ಪ್ರಾಣಿಗಳನ್ನು ಮೇಯಿಸುವುದು ಕೃಷಿ. 1981ರ ಸೈಕ್ಸ್ ಮೊಕದ್ದಮೆಯ ತೀರ್ಪಿನಂತೆ ಕುದುರೆಯನ್ನು ಬರೀ ಮೇಯಲು ಬಿಟ್ಟರೆ ಅದೂ ಕೃಷಿಯೇ. ಆದರೆ ಲಾಯದಲ್ಲಿ ಕಟ್ಟಿ, ಮೇವು ತಂದುಹಾಕಿ, ಹೊಲದಲ್ಲಿ ಜಿಗಿತದ ಕಂಬ ನಿಲ್ಲಿಸಿ ಸವಾರಿ ಮಾಡತೊಡಗಿದರೆ ಅದು ಕೃಷಿಯಲ್ಲ. ಅದಕ್ಕೆ ಕೌನ್ಸಿಲಿನಿಂದ ಬಳಕೆ ಬದಲಾವಣೆಯ ಅನುಮತಿ ಬೇಕು. ನಮ್ಮ ಸಾಫ್ಟ್‌ವೇರ್ ಉದ್ಯೋಗದ ಭಾಷೆಯಲ್ಲಿ ಹೇಳುವುದಾದರೆ, ಸಿಡಿ ಕೈಗೆ ಬಂದರೆ ಸಾಲದು, ಲೈಸೆನ್ಸಿನಲ್ಲಿ ಏನು ಬರೆದಿದೆ ಎಂದು ಓದಬೇಕು.

ಅನುಮತಿ ಇಲ್ಲದಿದ್ದರೆ? ಹತ್ತು ವರ್ಷ ಎಡೆಬಿಡದೆ ಕುದುರೆ ಸಾಕಿದ್ದನ್ನು ತೋರಿಸಿಕೊಟ್ಟರೆ ಕೌನ್ಸಿಲ್ ಲಾಫುಲ್‌ನೆಸ್ ಸರ್ಟಿಫಿಕೇಟ್ ಕೊಡುತ್ತದೆ. ಕಟ್ಟಡಗಳಿಗೆ ಹಿಂದೆ ನಾಲ್ಕು ವರ್ಷ ಸಾಕಿತ್ತು. 2024ರ ಏಪ್ರಿಲ್ 25ರಿಂದ ಇಂಗ್ಲೆಂಡಿನಲ್ಲಿ ಅವಕ್ಕೂ ಹತ್ತು ವರ್ಷವೇ (ಅದಕ್ಕೆ ಮುಂಚೆಯೇ ಕಟ್ಟಿ ಮುಗಿಸಿದ್ದರೆ ಹಳೆಯ ನಿಯಮ). ಮಾರುವವರು "ಇಪ್ಪತ್ತು ವರ್ಷದಿಂದ ಇಲ್ಲಿ ಕುದುರೆ ಇವೆ" ಎಂದರು. ಆದರೆ ಬಾಯಿಮಾತು ಸಾಲದು. ಪಶುವೈದ್ಯರ ಬಿಲ್ಲು, ಲಾಳ ಹೊಡೆಯುವವರ ಬಿಲ್ಲು, ಒಣಹುಲ್ಲಿನ ರಸೀತಿ, ಫೋಟೋಗಳು ಬೇಕು. ಅವರಲ್ಲಿದ್ದದ್ದು ಆರು ವರ್ಷದ ಕಾಗದ ಮಾತ್ರ.

ಇನ್ನೊಂದು ತೊಡಕು ಕೊಟ್ಟಿಗೆಯದು. "ಮುಂದೆ ಮನೆಯಾಗಿ ಪರಿವರ್ತಿಸಬಹುದು" ಎಂದು ಜಾಹೀರಾತಿನಲ್ಲಿತ್ತು. ಕೃಷಿ ಕೊಟ್ಟಿಗೆಯನ್ನು ಪೂರ್ಣ ಪ್ಲಾನಿಂಗ್ ಅರ್ಜಿಯಿಲ್ಲದೆ ಮನೆ ಮಾಡಿಕೊಳ್ಳಲು 2014ರಿಂದ ಕ್ಲಾಸ್ ಕ್ಯೂ ಎಂಬ ಸವಲತ್ತು ಇದೆ. ಆದರೆ ಅದು ಕೃಷಿಗೆ ಬಳಸಿದ ಕೊಟ್ಟಿಗೆಗೆ. ಸವಾರಿ ಕುದುರೆ ಕಟ್ಟಿದ್ದಕ್ಕಲ್ಲ. ಕುದುರೆ ಇತ್ತು ಎಂದು ಸಾಬೀತಾದರೆ ಮನೆಯ ಆಸೆ ಹೋಯಿತು. ಇರಲಿಲ್ಲವೆಂದರೆ ಲಾಯದ ಹಕ್ಕು ಹೋಯಿತು. ಎರಡಕ್ಕೂ ಸೇರಿಸಿ ಬೆಲೆ ಕೇಳುತ್ತಿದ್ದರು! ಜೊತೆಗೆ ಓವರೇಜ್ ಎಂಬ ಷರತ್ತು: ಮುಂದೆ ನಮಗೆ ಮನೆ ಕಟ್ಟಲು ಅನುಮತಿ ಸಿಕ್ಕಿ ಬೆಲೆ ಏರಿದರೆ, ಏರಿಕೆಯಲ್ಲಿ ಒಂದು ಪಾಲು ಹಳೆಯ ಮಾಲೀಕರಿಗೆ.

ಮೊದಲು ಸರ್ಟಿಫಿಕೇಟ್ ತನ್ನಿ ಎಂದು ಕೇಳಿದೆವು. ಅವರು ಒಪ್ಪಲಿಲ್ಲ. ಸರ್ವೆಗೂ ಸಾಲಿಸಿಟರಿಗೂ ಕೊಟ್ಟ ಹಣವನ್ನು ನೀರಿಗೆ ಬಿಟ್ಟು ಹಿಂದೆ ಸರಿದೆವು. ಮಗಳು ಎರಡು ದಿನ ಮಾತಾಡಲಿಲ್ಲ. ಆದರೆ ಕೌನ್ಸಿಲ್ ನೋಟಿಸು ಕೊಟ್ಟು ಲಾಯ ತೆರವು ಮಾಡಿಸಿದ್ದರೆ, ಹದಿನೈದು ವರ್ಷದ ಉಳಿತಾಯವೇ ಹೋಗುತ್ತಿತ್ತು.

"ಅಷ್ಟು ಹಣದಲ್ಲಿ ಊರಲ್ಲೇ ಫಾರಂ ಮಾಡಬಹುದಲ್ಲ" ಎಂದು ಕೆಲವು ಸ್ನೇಹಿತರು ಕೇಳಿದರು. ಕೃಷಿಕರಲ್ಲದವರು ಜಮೀನು ಕೊಳ್ಳಬಾರದೆಂಬ ಕರ್ನಾಟಕದ 79ಎ, 79ಬಿ ಕಲಮುಗಳು 2020ರಲ್ಲಿ ರದ್ದಾದದ್ದು ನಿಜ. ಆದರೆ ವಿದೇಶಿ ವಿನಿಮಯದ ನಿಯಮಗಳಂತೆ ನಮ್ಮಂಥ ಅನಿವಾಸಿಗಳು, ಓಸಿಐ ಇರುವವರು ಕೃಷಿ ಜಮೀನು, ತೋಟ, ಫಾರಂಹೌಸ್ ಕೊಳ್ಳುವಂತಿಲ್ಲ; ಹಿರಿಯರಿಂದ ಬಂದರೆ ಇಟ್ಟುಕೊಳ್ಳಬಹುದು. ಟಿಪ್ಪುವಿನ ಹೆಸರಿನೊಂದಿಗೆ ನೆನೆಯುವ ನಮ್ಮ ಕುಣಿಗಲ್ ಕುದುರೆ ಫಾರಂ ಕೂಡ 1992ರಲ್ಲಿ ಖಾಸಗಿಯವರ ಕೈಗೆ ಹೋದದ್ದು 30 ವರ್ಷದ ಗುತ್ತಿಗೆಯ ಮೇಲೆ, ಮಾರಾಟವಾಗಿ ಅಲ್ಲ.

ಕೊಳ್ಳುವವರು ಕಾಗದದ ಜೊತೆಗೆ ಹೊಲವನ್ನೂ ಓದಬೇಕು. ಹಳದಿ ಹೂವಿನ ರ‍್ಯಾಗ್‌ವರ್ಟ್ ಕಳೆ ಕುದುರೆಯ ಯಕೃತ್ತಿಗೆ ವಿಷ, ಸಿಕಮೋರ್ ಮರದ ಬೀಜವೂ ಅಪಾಯ. ಹೊಲದ ನಡುವೆ ಸಾರ್ವಜನಿಕ ಕಾಲುದಾರಿ ಇದೆಯೆ, ನೀರು ಎಲ್ಲಿಂದ ಬರುತ್ತದೆ, ಗೇಟಿನವರೆಗಿನ ದಾರಿ ಯಾರದು ಎಂದು ಕೇಳಿ. ಬೇಸಿಗೆಯಲ್ಲಷ್ಟೇ ಅಲ್ಲ, ಜನವರಿಯ ಮಳೆಯಲ್ಲೂ ಒಮ್ಮೆ ಹೋಗಿ ನೋಡಿ. ಮಾರುವವರಿಗೆ ನಮ್ಮ ಮಾತು ಒಂದೇ: ಒಂದು ರಸೀತಿಯನ್ನೂ ಎಸೆಯಬೇಡಿ, ಸರ್ಟಿಫಿಕೇಟ್ ಪಡೆದೇ ಏಜೆಂಟರ ಬಳಿ ಹೋಗಿ.

ಈಗ ನಾವು ಡಿಡ್ಸ್‌ಬರಿಯಲ್ಲೇ ಇದ್ದೇವೆ. ಮಗಳ ಕುದುರೆ ಚೆಷೈರಿನ ಒಂದು ಲಿವರಿ ಯಾರ್ಡಿನಲ್ಲಿ ಬಾಡಿಗೆಗೆ ಇದೆ. ಭಾನುವಾರ ಬೆಳಗ್ಗೆ ಲದ್ದಿ ಬಾಚುವ ಕೆಲಸ ನಮ್ಮದು. ಮತ್ತೊಂದು ಜಾಗ ಹುಡುಕುತ್ತಿದ್ದೇವೆ. ಆದರೆ ಈ ಸಲ ಲಾಯ ನೋಡುವ ಮೊದಲು ಕಾಗದ ನೋಡುತ್ತೇವೆ. ಮಾವನವರಿಗೂ ಮೊದಲೇ ಫೋನು ಮಾಡುತ್ತೇವೆ!