ಆಸ್ಪತ್ರೆಯ ಊರಿನಲ್ಲಿ ಒಂದು ಒಲೆ

ಕೊಲ್ಹಾಪುರದಿಂದ ರಾತ್ರಿ ಹೊರಡುವ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್‌ಗೆ ಇಚಲಕರಂಜಿಯವರು ಹಾತಕಣಂಗಲೆಯಲ್ಲಿ ಹತ್ತುತ್ತಾರೆ. ಗಡಹಿಂಗ್ಲಜ, ನೂಲ, ಹಲಕರ್ಣಿ ಕಡೆಯವರು ಎಸ್‌ಟಿ ಬಸ್ಸು ಹಿಡಿದು ಕೊಲ್ಹಾಪುರಕ್ಕೇ ಬರಬೇಕು. ಬಟ್ಟೆ ವ್ಯಾಪಾರಿಗಳು, ಮುಂಬೈಯಲ್ಲಿ ನೌಕರಿ ಮಾಡುವ ಹುಡುಗರು ತುಂಬಿದ ಆ ಡಬ್ಬಿಯಲ್ಲಿ ದಪ್ಪನೆಯ ಫೈಲು ಎದೆಗವಚಿಕೊಂಡ ಗಂಡಹೆಂಡಿರೂ ಇರುತ್ತಾರೆ. ನಡುವೆ ಮಾಸ್ಕ್ ಹಾಕಿದ, ಟೊಪ್ಪಿಗೆ ತೊಟ್ಟ ಮಗು. ಅವರು ಎಲ್ಲಿಗೆ ಹೊರಟವರೆಂದು ಯಾರೂ ಕೇಳುವುದಿಲ್ಲ. ಬೆಳಗ್ಗೆ ದಾದರ್‌ನಲ್ಲಿ ಇಳಿದರೆ ಪರೇಲ್‌ನ ಟಾಟಾ ಮೆಮೋರಿಯಲ್ ಆಸ್ಪತ್ರೆ ದೂರವಲ್ಲ.

ಹತ್ತಿರ ಆಸ್ಪತ್ರೆಗಳೇ ಇಲ್ಲವೆಂದಲ್ಲ. ಕೊಲ್ಹಾಪುರದಲ್ಲಿ ಕ್ಯಾನ್ಸರ್‌ಗೆಂದೇ ಆಸ್ಪತ್ರೆಯಿದೆ, ಆಚೆ ಬೆಳಗಾವಿಯಲ್ಲಿ ಕೆಎಲ್ಇ ಇದೆ. ಆದರೂ ಮಗುವಿಗೆ ಬ್ಲಡ್ ಕ್ಯಾನ್ಸರ್ ಎಂದು ಗೊತ್ತಾದ ಕೂಡಲೇ ಈ ಭಾಗದವರ ಬಾಯಲ್ಲಿ ಬರುವ ಮೊದಲ ಹೆಸರು ಟಾಟಾ. ಔಷಧದ ಖರ್ಚನ್ನು ಮಹಾತ್ಮಾ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆಯಂಥವು ಬಹುಪಾಲು ಹೊರಬಲ್ಲವು. ಆದರೆ ರಾತ್ರಿ ಎಲ್ಲಿ ಮಲಗಬೇಕು, ಗಂಜಿ ಎಲ್ಲಿ ಕಾಯಿಸಬೇಕು ಎಂಬುದಕ್ಕೆ ಯೋಜನೆಯ ಕಾರ್ಡಿನಲ್ಲಿ ಉತ್ತರವಿಲ್ಲ. ಈ ಲೇಖನ ಆ ಉತ್ತರದ ಬಗ್ಗೆ.

ಮೊದಲು ಚಿಕಿತ್ಸೆಯ ಲೆಕ್ಕ ತಿಳಿಯಬೇಕು. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ರಕ್ತದ ಕ್ಯಾನ್ಸರ್, ಅಂದರೆ ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೀಮಿಯಾಕ್ಕೆ ಎರಡರಿಂದ ಎರಡೂವರೆ ವರ್ಷ ಕೀಮೊ ನಡೆಯುತ್ತದೆ. ಮೊದಲ ನಾಲ್ಕೈದು ವಾರ ಬಿರುಸು: ನರಕ್ಕೆ ವಿನ್‌ಕ್ರಿಸ್ಟಿನ್, ಬೆನ್ನುಹುರಿಯ ದ್ರವಕ್ಕೆ ಮೆಥೊಟ್ರೆಕ್ಸೇಟ್, ಬಾಯಿಗೆ ಸ್ಟಿರಾಯ್ಡ್. ಸ್ಟಿರಾಯ್ಡ್ ತಿಂದ ಮಗುವಿಗೆ ನಡುರಾತ್ರಿ ಹಸಿವು, ಸಿಕ್ಕಾಪಟ್ಟೆ ಸಿಟ್ಟು. ವಿನ್‌ಕ್ರಿಸ್ಟಿನ್ ಬರುವುದು ನಮ್ಮ ತುಳಸಿಕಟ್ಟೆಯ ಪಕ್ಕದಲ್ಲಿ ನೀರಿಲ್ಲದಿದ್ದರೂ ಹೂ ಬಿಡುವ ನಿತ್ಯಪುಷ್ಪದಿಂದ. ಹಾಗೆಂದು ಎಲೆ ಅರೆದು ಕುಡಿಸಿದರೆ ರೋಗ ಹೋಗುವುದಿಲ್ಲ, ಮಗು ವಿಷಕ್ಕೆ ತುತ್ತಾದೀತು. ಇದನ್ನು ಹೇಳಲೇಬೇಕು, ಏಕೆಂದರೆ ಹೇಳುವ ಮಾವಂದಿರು ಪ್ರತಿ ಊರಲ್ಲೂ ಇದ್ದಾರೆ.

ಮೊದಲ ತಿಂಗಳು ಮುಗಿದಾಗ ಹೆಚ್ಚಿನ ಮಕ್ಕಳಲ್ಲಿ ಸೂಕ್ಷ್ಮದರ್ಶಕಕ್ಕೆ ರೋಗದ ಕಣ ಕಾಣುವುದಿಲ್ಲ. ಮಗು ನಗುತ್ತದೆ, ಆಡುತ್ತದೆ. ದೊಡ್ಡ ಅಪಾಯ ಇರುವುದು ಇಲ್ಲೇ. ಕರಕಿಯನ್ನು ಮೇಲೆ ಕೊಯ್ದು ಬೇರು ಬಿಟ್ಟ ಹೊಲದ ಹಾಗೆ ರೋಗ ಒಳಗೇ ಇರುತ್ತದೆ. ಇತ್ತ ಕೈಯಲ್ಲಿದ್ದ ದುಡ್ಡು ಕರಗಿದೆ. ಇಚಲಕರಂಜಿಯ ವಿದ್ಯುತ್ ಮಗ್ಗದಲ್ಲಿ ದುಡಿಯುವ ಅಪ್ಪನಿಗೆ ಬಟ್ಟೆ ನೆಯ್ದಷ್ಟೇ ಕೂಲಿ, ಮುಂಬೈಯಲ್ಲಿ ಕಳೆದ ದಿನಕ್ಕೆ ಏನೂ ಇಲ್ಲ. ಗಡಹಿಂಗ್ಲಜದವನಿಗಾದರೆ ಕಬ್ಬಿನ ಸರದಿ ಕಾಯುತ್ತಿದೆ. ಇನ್ನೊಂದು ಮಗು ಅಜ್ಜಿಯ ಹತ್ತಿರ ಅಳುತ್ತಿದೆ. ‘ಆರಾಮ ಆಗೇತಲ್ಲ, ಊರಿಗೆ ಹೋಗೂಣು’ ಎಂದು ಗಂಟು ಕಟ್ಟಿದವರು ಕೆಲವೊಮ್ಮೆ ತಿರುಗಿ ಬರುವುದಿಲ್ಲ. ಚಿಕಿತ್ಸೆ ನಡುವೆ ಬಿಡುವುದು ನಮ್ಮಂಥ ದೇಶಗಳಲ್ಲಿ ಮಕ್ಕಳ ಕ್ಯಾನ್ಸರ್ ಗೆಲ್ಲಲಾಗದಿರುವುದಕ್ಕೆ ಒಂದು ಮುಖ್ಯ ಕಾರಣ. ಶ್ರೀಮಂತ ದೇಶಗಳಲ್ಲಿ ಈ ರೋಗ ಬಂದ ಹತ್ತು ಮಕ್ಕಳಲ್ಲಿ ಒಂಬತ್ತು ಉಳಿಯುತ್ತವೆ. ಔಷಧಗಳು ಹೆಚ್ಚುಕಡಿಮೆ ಅವೇ, ಹಳೆಯವು, ಅಗ್ಗದವು.

ಎಷ್ಟು ಹಳೆಯವು ಎಂದರೆ, ಅವುಗಳ ಕಥೆಯ ಒಂದು ತುದಿ ಟಾಟಾ ಆಸ್ಪತ್ರೆಯಿಂದ ನಡೆದೇ ಹೋಗಬಹುದಾದ ಕಟ್ಟಡದಲ್ಲಿದೆ. ಅದೇ ಪರೇಲ್‌ನ ಹಾಫ್‌ಕಿನ್ ಸಂಸ್ಥೆ. ಒಡೆಸ್ಸಾದಲ್ಲಿ ಹುಟ್ಟಿದ ಯಹೂದಿ ವಿಜ್ಞಾನಿ ವಾಲ್ಡೆಮಾರ್ ಹಾಫ್‌ಕಿನ್ 1897ರ ಜನವರಿಯಲ್ಲಿ ಪ್ಲೇಗ್ ಲಸಿಕೆಯನ್ನು ಮೊದಲು ತನಗೇ ಚುಚ್ಚಿಕೊಂಡವರು. ಮರುವರ್ಷ ಹುಬ್ಬಳ್ಳಿಯ ಪ್ಲೇಗಿನಲ್ಲಿ ಸಾವಿರಾರು ಜನ ತೋಳೊಡ್ಡಿದ್ದು ಆ ಲಸಿಕೆಗೇ. ಅವರ ಹೆಸರಿನ ಸಂಸ್ಥೆಗೆ 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಬಂದರು. ಬಟ್ಟೆ ಗಿರಣಿಯ ಬಸುರಿಯರನ್ನು ಕೊಲ್ಲುತ್ತಿದ್ದ ರಕ್ತಹೀನತೆಗೆ ಕಾರಣ ಹುಡುಕುತ್ತ, ಬ್ರೆಡ್ಡಿಗೆ ಸವರುವ ಯೀಸ್ಟ್ ಸಾರ ಮಾರ್ಮೈಟ್ ಕೊಟ್ಟರೆ ಅವರು ಚೇತರಿಸಿಕೊಳ್ಳುತ್ತಾರೆಂದು ಕಂಡುಕೊಂಡು 1931ರಲ್ಲಿ ಪ್ರಕಟಿಸಿದರು. ಅದರೊಳಗಿದ್ದ ವಸ್ತು ಫೋಲಿಕ್ ಆಮ್ಲ. ಈಗ ನಮ್ಮ ಆಶಾ ಕಾರ್ಯಕರ್ತೆಯರು ಬಸುರಿಯರಿಗೆ ಕೊಡುವ ಗುಳಿಗೆಯಲ್ಲಿ ಕಬ್ಬಿಣದ ಜೊತೆಗಿರುವುದು ಇದೇ.

ಬಾಸ್ಟನ್‌ನ ಮಕ್ಕಳ ಆಸ್ಪತ್ರೆಯಲ್ಲಿದ್ದ ವೈದ್ಯ ಸಿಡ್ನಿ ಫಾರ್ಬರ್ ಪೋಲೆಂಡಿನಿಂದ ಅಮೆರಿಕಕ್ಕೆ ಬಂದ ಯಹೂದಿ ಮನೆಯವರು. ಹದಿನಾಲ್ಕು ಮಕ್ಕಳಲ್ಲಿ ಮೂರನೆಯವರು. ಫೋಲಿಕ್ ಆಮ್ಲ ಲ್ಯುಕೀಮಿಯಾವನ್ನು ಇನ್ನಷ್ಟು ಕೆರಳಿಸುವಂತೆ ಕಂಡಾಗ ಅವರು ಅದರ ದಾರಿ ಕಟ್ಟುವ ಔಷಧ ಬೇಕೆಂದರು. ಒದಗಿಸಿದ್ದು ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡ. 1948ರ ಜೂನ್‌ನಲ್ಲಿ ಫಾರ್ಬರ್ ಹದಿನಾರು ಮಕ್ಕಳ ವರದಿ ಪ್ರಕಟಿಸಿದರು: ಹತ್ತು ಮಕ್ಕಳಲ್ಲಿ ರೋಗ ತಾತ್ಕಾಲಿಕವಾಗಿ ಹಿಮ್ಮೆಟ್ಟಿತ್ತು. ಬಳಿಕ ಅವರೆಲ್ಲರಲ್ಲೂ ರೋಗ ಮರಳಿತು. ಸುಬ್ಬರಾವ್ ಆ ಆಗಸ್ಟ್‌ನಲ್ಲೇ ತೀರಿಕೊಂಡರು. ಮೆಥೊಟ್ರೆಕ್ಸೇಟ್ ಆ ಔಷಧದ ತಮ್ಮ. ಮಗು ದಿನಾ ರಾತ್ರಿ ನುಂಗುವ ಇನ್ನೊಂದು ಗುಳಿಗೆ ಮರ್‌ಕ್ಯಾಪ್ಟೊಪ್ಯೂರಿನ್. ಅದನ್ನು ಕಂಡುಹಿಡಿದ ಗರ್ಟ್ರೂಡ್ ಎಲಿಯನ್ ಕೂಡ ನ್ಯೂಯಾರ್ಕಿನ ವಲಸಿಗ ಯಹೂದಿ ಮನೆಯ ಮಗಳು. ಹದಿನೈದರ ಹುಡುಗಿಯಾಗಿದ್ದಾಗ ಅಜ್ಜ ಹೊಟ್ಟೆಯ ಕ್ಯಾನ್ಸರಿನಿಂದ ಸಾಯುವುದನ್ನು ನೋಡಿದವರು. ಪಿಎಚ್‌ಡಿ ಪೂರೈಸದಿದ್ದರೂ 1988ರಲ್ಲಿ ನೊಬೆಲ್ ಪಡೆದರು.

ಗಿರಣಿಯ ಹೆಂಗಸರ ರಕ್ತ ಹೀಗೆ ಬಾಸ್ಟನ್ ಸುತ್ತಿ ಮಗ್ಗದವರ ಮಗುವಿನ ಗುಳಿಗೆಯಾಗಿ ಪರೇಲ್‌ಗೇ ಮರಳಿದೆ. ಆದರೆ ಗುಳಿಗೆ ನುಂಗಿಸುವವರು ಫುಟ್‌ಪಾತಿನಲ್ಲಿ ಮಲಗಿದರೆ?

ಟಾಟಾ ಆಸ್ಪತ್ರೆಯ ಸುತ್ತಮುತ್ತ ಹಾಗೆ ಮಲಗಿದ ಕುಟುಂಬಗಳನ್ನು ಮುಂಬೈ ದಶಕಗಳಿಂದ ನೋಡಿದೆ. ಕೀಮೊದಿಂದ ಬಿಳಿ ರಕ್ತಕಣ ಇಳಿದ ಮಗುವಿಗೆ ಸಣ್ಣ ಸೋಂಕೂ ಪ್ರಾಣಕ್ಕೆ ಬರಬಹುದು. ರಸ್ತೆಯ ಧೂಳು, ಗಾಡಿಯ ಚಟ್ನಿ, ಸಾರ್ವಜನಿಕ ಶೌಚಾಲಯ, ಎಲ್ಲವೂ ಅಂಥ ಮಗುವಿಗೆ ಶತ್ರು. ಯುನಿಲಿವರ್‌ನಲ್ಲಿ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದ ನಿಹಾಲ್ ಕವಿರತ್ನೆ ಮತ್ತು ಅವರ ಪತ್ನಿ ಶ್ಯಾಮಾ 2006ರಲ್ಲಿ ಮುಂಬೈಯಲ್ಲಿ ಸೇಂಟ್ ಜೂಡ್ ಇಂಡಿಯಾ ಚೈಲ್ಡ್‌ಕೇರ್ ಸೆಂಟರ್ಸ್ ಶುರು ಮಾಡಿದ್ದು ಇದಕ್ಕಾಗಿಯೇ. ಈಗ ಕೋಲ್ಕತ್ತಾ, ದೆಹಲಿ, ಹೈದರಾಬಾದ್, ಚೆನ್ನೈ, ವೆಲ್ಲೂರು, ಗುವಾಹಟಿಯಲ್ಲೂ ಇದರ ಕೇಂದ್ರಗಳಿವೆ. ದೊಡ್ಡ ಕೇಂದ್ರವೊಂದು ಮುಂಬೈಯ ಕಾಟನ್ ಗ್ರೀನ್‌ನಲ್ಲಿದೆ. ಪೋರ್ಟ್ ಟ್ರಸ್ಟ್‌ನ ಪಾಳುಬಿದ್ದ ಕಟ್ಟಡಗಳನ್ನು ವಾಸ್ತುಶಿಲ್ಪಿ ಬೃಂದಾ ಸೋಮಯ್ಯ ಅವರ ಸಂಸ್ಥೆ ಮಕ್ಕಳಿಗಾಗಿ ಹೊಸದು ಮಾಡಿತು.

ಇಲ್ಲಿಯ ವ್ಯವಸ್ಥೆ ಧರ್ಮಛತ್ರದಂತಲ್ಲ, ಆಸ್ಪತ್ರೆಯ ವಾರ್ಡಿನಂತೆಯೂ ಅಲ್ಲ. ಕುಟುಂಬಕ್ಕೊಂದು ಜಾಗ, ಮಗುವಿನ ಜೊತೆ ಅಪ್ಪ ಅಮ್ಮ. ಬಾಡಿಗೆಯಿಲ್ಲ. ರೇಷನ್ ಕೊಡುತ್ತಾರೆ, ಆಸ್ಪತ್ರೆಗೆ ಗಾಡಿಯಿದೆ, ಮಕ್ಕಳಿಗೆ ಪಾಠ ಆಟವಿದೆ, ತಾಯ್ತಂದೆಯರ ಮಾತು ಕೇಳಲು ಸಮಾಲೋಚಕರಿದ್ದಾರೆ. ನನಗೆ ಎಲ್ಲಕ್ಕಿಂತ ಜಾಣತನವೆನಿಸಿದ್ದು ಅಡುಗೆಮನೆ. ಬೇಯಿಸಿದ ಊಟ ಹಂಚುವುದು ಸುಲಭವಿತ್ತು. ಅದರ ಬದಲು ಪ್ರತಿ ಮನೆಯವರಿಗೂ ಅವರದೇ ಒಲೆ ಕೊಟ್ಟು, ಒಲೆಗಳನ್ನೆಲ್ಲ ಒಂದೇ ಅಡುಗೆಮನೆಯಲ್ಲಿ ಇಟ್ಟರು. ಬಾಯಿ ಹುಣ್ಣಾದ ಮಗು ಅಪರಿಚಿತ ಅಡುಗೆಯನ್ನು ಮುಟ್ಟುವುದಿಲ್ಲ. ಅವ್ವನ ಕೈಯ ಮೆತ್ತನೆಯ ಅನ್ನ, ಖಾರವಿಲ್ಲದ ಸಾರಿಗೆ ಬಾಯಿ ತೆರೆದೀತು. ಅಡುಗೆಮನೆ ಒಂದೇ ಆದ್ದರಿಂದ ಬಿಹಾರದವಳು, ಬಂಗಾಳದವಳು, ನಮ್ಮವಳು ಅಕ್ಕಪಕ್ಕ ನಿಲ್ಲುತ್ತಾರೆ. ಬೆಳಗಾವಿ ಕಡೆಯವಳೊಬ್ಬಳು ಸಿಕ್ಕರಂತೂ ಮಾತು ತಾನಾಗಿಯೇ ಕನ್ನಡಕ್ಕೆ ಹೊರಳುತ್ತದೆ: ‘ಕೌಂಟ್ ಎಷ್ಟ ಬಂತವ್ವಾ ತಂಗಿ?’ ‘ಇನ್ನಾ ಏರಿಲ್ಲ ಅಕ್ಕಾ, ನಾಳಿಗೆ ಮತ್ತ ರಕ್ತಾ ತಗೋತಾರ.’ ಚಿಕಿತ್ಸೆಯಲ್ಲಿ ಎಂಟು ತಿಂಗಳು ಮುಂದಿರುವ ತಾಯಿ ಹೊಸಬಳಿಗೆ ಹೇಳುವ ಮಾತಿನ ತೂಕ ವೈದ್ಯರ ಕರಪತ್ರಕ್ಕಿಲ್ಲ.

ಮಹಾರಾಷ್ಟ್ರಕ್ಕೆ ಈ ವಿಚಾರ ಹೊಸದೇನಲ್ಲ. ಕೀರ್ತನ ಮಾಡುತ್ತ ಊರೂರು ಗುಡಿಸಿದ ಗಾಡ್ಗೆ ಮಹಾರಾಜರು ತಮಗೊಂದು ಮನೆ ಕಟ್ಟಿಕೊಳ್ಳದೆ ಯಾತ್ರಿಕರಿಗೆ ಧರ್ಮಶಾಲೆ ಕಟ್ಟಿಸಿದರು. ಅವರ ಹೆಸರಿನ ದಾದರ್‌ನ ಧರ್ಮಶಾಲೆ ಇಂದು ಕ್ಯಾನ್ಸರ್ ರೋಗಿಗಳದ್ದೇ ಊರು. ಸೇಂಟ್ ಜೂಡ್‌ನಲ್ಲಿ ಜಾಗ ಸಿಗದವರೂ ದೊಡ್ಡವರ ಕಾಯಿಲೆಗೆ ಬಂದವರೂ ಅಲ್ಲಿ ಸೇರುತ್ತಾರೆ. ಹಾಫ್‌ಕಿನ್, ಫಾರ್ಬರ್, ಎಲಿಯನ್ ಹುಟ್ಟಿಬಂದ ಯಹೂದಿ ಸಮುದಾಯಗಳಲ್ಲೂ ರೋಗಿಯನ್ನು ಕಂಡು ಬರುವುದು ಮನಸ್ಸಿದ್ದರೆ ಮಾಡುವ ಉಪಕಾರವಲ್ಲ, ಧರ್ಮದ ಕರ್ತವ್ಯ. ಮಗು ಆಸ್ಪತ್ರೆಯಲ್ಲಿದ್ದರೆ ಆ ಮನೆಗೆ ಅಡುಗೆ ತಲುಪಿಸುವವರು, ಉಳಿದ ಮಕ್ಕಳನ್ನು ನೋಡಿಕೊಳ್ಳುವವರು ಕೇರಿಯಲ್ಲೇ ಸರದಿ ಹಾಕಿಕೊಳ್ಳುತ್ತಾರೆ. ನಮ್ಮಲ್ಲಿ ಸಾವಿನ ಮನೆಗೆ ಬುತ್ತಿ ಒಯ್ಯುವ ರೂಢಿ ಗಟ್ಟಿಯಾಗಿದೆ. ಎರಡೂವರೆ ವರ್ಷದ ಕಾಯಿಲೆಯ ಮನೆಗೆ ಮೊದಲ ತಿಂಗಳು ಜನ ಹೋಗುತ್ತಾರೆ, ಆಮೇಲೆ ಕಾಣುವುದಿಲ್ಲ.

ಹೋಗುವವರಿಗೆ ಕೆಲವು ಮಾತು. ಸೇಂಟ್ ಜೂಡ್‌ಗೆ ನೇರ ಹೋಗಿ ಬಾಗಿಲು ತಟ್ಟಿದರೆ ಜಾಗ ಸಿಗುವುದಿಲ್ಲ, ಆಸ್ಪತ್ರೆಯೇ ಕಳಿಸಬೇಕು. ಆದ್ದರಿಂದ ಫೈಲು ಮಾಡಿಸಿದ ದಿನವೇ ಅಲ್ಲಿಯ ಸಮಾಜ ಕಾರ್ಯಕರ್ತರನ್ನು ಕಂಡು ಇರಲು ಜಾಗವಿಲ್ಲವೆಂದು ಹೇಳಬೇಕು, ಸಂಕೋಚ ಬೇಡ. ಊರಿಗೆ ಬಂದಿರುವಾಗ ಮಗುವಿಗೆ ಜ್ವರ ಬಂದರೆ ಮನೆಯ ಗುಳಿಗೆ ಕೊಟ್ಟು ಬೆಳಗಿನವರೆಗೆ ಕಾಯಬಾರದು; ಆ ರಾತ್ರಿಯೇ ಗಡಹಿಂಗ್ಲಜವೋ ಕೊಲ್ಹಾಪುರವೋ, ಹತ್ತಿರದ ಆಸ್ಪತ್ರೆಗೆ ಫೈಲು ಸಮೇತ ಒಯ್ಯಬೇಕು. ಇನ್ನು ಮುಂಬೈಯಲ್ಲಿರುವ ಬೀಗರು, ಊರವರು ಬಿಸ್ಕೀಟಿನ ಪೊಟ್ಟಣ ಹಿಡಿದು ವಾರ್ಡಿನ ಬಾಗಿಲಲ್ಲಿ ನಿಲ್ಲುವ ಬದಲು ಆಸ್ಪತ್ರೆಯ ರಕ್ತನಿಧಿಗೆ ಹೋಗಲಿ. ಇಂಥ ಮಕ್ಕಳಿಗೆ ಬೇಕಾಗುವ, ದಾನಿಯಿಂದ ತೆಗೆದ ಪ್ಲೇಟ್‌ಲೆಟ್ ಸಾಮಾನ್ಯವಾಗಿ ಐದು ದಿನಕ್ಕಿಂತ ಹೆಚ್ಚು ಉಳಿಯುವುದಿಲ್ಲ. ಹಾಗಾಗಿ ಹತ್ತು ಮಂದಿ ಒಂದೇ ದಿನ ಕೊಡುವುದಕ್ಕಿಂತ ವಾರಕ್ಕಿಬ್ಬರಂತೆ ಸರದಿ ಹಚ್ಚಿಕೊಂಡು ಕೊಡುವುದು ಆ ಮನೆಗೆ ಹೆಚ್ಚು ಕೆಲಸಕ್ಕೆ ಬರುತ್ತದೆ.